ಕಣಿಯ ನೀರಿನಲ್ಲಿ ರಂಜಕದ ಲೆಕ್ಕ

ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರು ತೋಟದ ಕಣಿಯ (ನೀರು ಬಸಿದು ಹೋಗುವ ಕಾಲುವೆಯ) ನೀರನ್ನು ಬಾಟಲಿಯಲ್ಲಿ ತಂದು, "ಹಾಕಿದ ಗೊಬ್ಬರ ಎಷ್ಟು ಕೊಚ್ಚಿಕೊಂಡು ಹೋಯ್ತು, ಒಮ್ಮೆ ನೋಡಿ ಸಾರ್" ಎಂದು ಕೇಳುವುದುಂಟು. ಒಂದು ಬಾಟಲಿ ನೋಡಿ ಅದನ್ನು ಹೇಳಲಾಗದು. ಲೀಟರಿಗೆ ಎಷ್ಟು ಮಿಲಿಗ್ರಾಂ ರಂಜಕ (ಗೊಬ್ಬರದಲ್ಲಿರುವ ಪೋಷಕಾಂಶ, ಫಾಸ್ಫರಸ್) ಇದೆ ಎಂದಷ್ಟೇ ಅದರಿಂದ ಗೊತ್ತಾಗುತ್ತದೆ. ಒಟ್ಟು ಎಷ್ಟು ಲೀಟರ್ ಹರಿಯಿತು ಎಂಬುದೂ ಬೇಕಲ್ವಾ?

ಅದಕ್ಕಾಗಿ ಕಣಿಗೆ ಅಡ್ಡಲಾಗಿ 90 ಡಿಗ್ರಿ 'ವಿ' ಆಕಾರದಲ್ಲಿ ಕತ್ತರಿಸಿದ ತಗಡು ನಿಲ್ಲಿಸುತ್ತೇವೆ. 'ವಿ'ಯ ತಳದಿಂದ ನೀರು 10 ಸೆಂ.ಮೀ. ಏರಿದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ. 20 ಸೆಂ.ಮೀ. ಏರಿದರೆ ದುಪ್ಪಟ್ಟಲ್ಲ, ಸುಮಾರು 25 ಲೀಟರ್! ಎತ್ತರವನ್ನು ತಗಡಿನ ಬಾಯಲ್ಲಿ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತದೆ. ಸ್ವಲ್ಪ ಹಿಂದೆ, ನೀರು ನಿಧಾನವಿರುವಲ್ಲಿ ಅಳತೆಕೋಲು ನೆಡಬೇಕು. ಮಳೆ ಬಿಟ್ಟ ಮೇಲೆ ಕೊಡೆ ಹಿಡಿದು ಹೋಗಿ ನೀರು ತುಂಬಿಸಿದರೆ ಮುಖ್ಯವಾದದ್ದೇ ಕೈತಪ್ಪಿರುತ್ತದೆ. ಜೋರು ಮಳೆಯ ಆ ಅರ್ಧ ಗಂಟೆಯಲ್ಲೇ ಹಲವು ಸಲ ನೀರು ಹಿಡಿಯಬೇಕು.

ನಮ್ಮ ಮುರಕಲ್ಲಿನ (ಲ್ಯಾಟರೈಟ್) ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಅವು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಾಗಾಗಿ ಕೆಂಪು ರಾಡಿ ನೀರಿನಲ್ಲಿ ಹೆಚ್ಚಿನ ರಂಜಕ ಮಣ್ಣಿನ ಕಣಗಳ ಜೊತೆಗೇ ಹೋಗುತ್ತದೆ. ಮಾದರಿಯ ಒಂದು ಪಾಲನ್ನು ಆದಷ್ಟು ಬೇಗ 0.45 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿದರೆ ಕರಗಿದ ರಂಜಕ ಸಿಗುತ್ತದೆ. ಇನ್ನೊಂದನ್ನು ಸೋಸದೆ ಆಮ್ಲ ಹಾಕಿ ಬಿಸಿಮಾಡಿದರೆ ಒಟ್ಟು ರಂಜಕ. ಮೊಲಿಬ್ಡೇಟ್ ಎಂಬ ರಾಸಾಯನಿಕವನ್ನೂ ಆಸ್ಕಾರ್ಬಿಕ್ ಆಮ್ಲವನ್ನೂ ಸೇರಿಸಿದಾಗ ನೀರು ನೀಲಿಯಾಗುತ್ತದೆ, ಬಣ್ಣ ಗಾಢವಾದಷ್ಟೂ ರಂಜಕ ಜಾಸ್ತಿ. ಬಾಟಲಿಯನ್ನು ಸೋಪಿನ ಪುಡಿಯಲ್ಲಿ ತೊಳೆಯಲೇಬೇಡಿ, ಅದರಲ್ಲೂ ಫಾಸ್ಫೇಟ್, ಅಂದರೆ ರಂಜಕದ ಸಂಯುಕ್ತ, ಇರಬಹುದು. ತೆಳು ಹೈಡ್ರೋಕ್ಲೋರಿಕ್ ಆಮ್ಲವೇ ಸರಿ.

ಲೆಕ್ಕಕ್ಕೆ ಒಂದು ಉದಾಹರಣೆ. ಸೆಕೆಂಡಿಗೆ 25 ಲೀಟರಿನಂತೆ ಒಂದು ಗಂಟೆ ಹರಿದರೆ 90,000 ಲೀಟರ್. ಲೀಟರಿಗೆ 0.5 ಮಿಲಿಗ್ರಾಂ ಇದ್ದರೆ 45 ಗ್ರಾಂ ರಂಜಕ ಹೋಯಿತು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಹೇಳುವ 40 ಗ್ರಾಂ P₂O₅ (ಗೊಬ್ಬರದ ಲೆಕ್ಕದಲ್ಲಿ ರಂಜಕವನ್ನು ಹೇಳುವ ರೂಪ) ನಲ್ಲಿ ರಂಜಕ 17 ಗ್ರಾಂ ಚಿಲ್ಲರೆ. ಅಂದರೆ ಎರಡೂವರೆ ಮರದ ಗೊಬ್ಬರ. ಕೃಷಿಕನ ಜೇಬಿಗೆ ಇದು ದೊಡ್ಡ ನಷ್ಟವಲ್ಲ, ದೊಡ್ಡ ನಷ್ಟವೆಂದು ಹೆದರಿಸುವುದೂ ಸರಿಯಲ್ಲ. ಆದರೆ ಕೆಳಗಿನ ಮದಕಕ್ಕೆ (ಕೆರೆಗೆ) ಇದು ವಿಪರೀತ. ನಿಂತ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಪಾಚಿ ಹಬ್ಬಲು ಸಾಕು. ನಾನು ಅಳೆಯಿರಿ ಎನ್ನುವುದು ಆ ಮದಕಕ್ಕಾಗಿ.

ಅಳೆಯಲು ಹೊರಟವರು ಮೊದಲು ಗುಡ್ಡೆಯ ಕಡೆ ನೋಡಿ. ಮೇಲಿನವರ ನೀರು ನಿಮ್ಮ ಕಣಿಗೆ ಸೇರುತ್ತಿದ್ದರೆ ಅದು ಒಳಬರುವ ಜಾಗದಲ್ಲೂ ಒಂದು ತಗಡು ಬೇಕು. ಹೊರಹೋದದ್ದರಲ್ಲಿ ಒಳಬಂದದ್ದನ್ನು ಕಳೆದರೆ ಉಳಿಯುವುದೇ ನಿಮ್ಮ ತೋಟದ ಲೆಕ್ಕ.