ಸೈಕಲ್‌ನವರು ಅಂಚು ಬಿಟ್ಟು ಒಳಗೆ ಯಾಕೆ ಬರ್ತಾರೆ?

ನನ್ನ ಡ್ರೈವಿಂಗ್ ಸ್ಕೂಲ್ ಕಾರಿಗೆ ಬರುವ ಹೊಸಬರು ಮೊದಲ ವಾರವೇ ಬೈಯಲು ಕಲಿಯುತ್ತಾರೆ. ಕ್ಲಚ್ ಬಿಡಲು ಇನ್ನೂ ಬರುವುದಿಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುತ್ತದೆ. ಆದರೆ ಮುಂದೆ ಒಂದು ಸೈಕಲ್ ಕಂಡರೆ ಸಾಕು, 'ಇವನಪ್ಪಂದಾ ರಸ್ತೆ?' ಅನ್ನುವ ಮಾತು ಸಲೀಸಾಗಿ ಬರುತ್ತದೆ. ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತ 21 ವರ್ಷದಿಂದ ಗಾಡಿ ಕಲಿಸುತ್ತಿದ್ದೇನೆ. ಮೊದಲ ಹತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ನಾನೂ ಅದನ್ನೇ ಹೇಳುತ್ತಿದ್ದೆ.

ನನ್ನ ಬಾಯಿ ಮುಚ್ಚಿಸಿದ್ದು ಒಂದು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು. ಜುಲೈ ತಿಂಗಳು, ಬಿಡದ ಮಳೆ. ಬೋಯಿಕೇರಿ ಹತ್ತಿರ ನಾನೊಬ್ಬನೇ ಕಾರಿನಲ್ಲಿ ವಾಪಸ್ ಬರುತ್ತಿದ್ದೆ. ಮುಂದೆ ಹಳೇ ಕಾಲದ ದೊಡ್ಡ ಸೈಕಲ್ ಮೇಲೆ ಒಬ್ಬರು, ಅಂಚಿನಿಂದ ಮೂರಡಿ ಒಳಗೆ. ಎದುರಿನಿಂದ ಲಾರಿ. ಜಾಗ ಸಾಕು ಅಂದುಕೊಂಡು ನುಗ್ಗಿಸಿದೆ. ನನ್ನ ಎಡಗನ್ನಡಿ ಅವರ ಹ್ಯಾಂಡಲ್‌ಗೆ ತಾಗಿತು. ಅವರು ಹೇಗೋ ಕಾಲು ಊರಿ ನಿಂತರು, ಬೀಳಲಿಲ್ಲ. ತಪ್ಪು ನನ್ನದು. ಆದರೂ ಇಳಿದು ಕೂಗಾಡಿದ್ದು ನಾನೇ: "ನಡುರಸ್ತೆಯಲ್ಲಿ ಯಾಕ್ರೀ ಬರ್ತೀರ?" ಅವರು ಕೂಗಲಿಲ್ಲ. "ಇಲ್ಲಿ ಬನ್ನಿ ಸಾರ್, ಅಂಚು ನೋಡಿ" ಅಂದರು.

ನೋಡಿದೆ. ಡಾಂಬರು ಮುಗಿದಲ್ಲಿ ಮೆಟ್ಟಿಲಿನ ಹಾಗೆ ಅರ್ಧ ಗೇಣು ಇಳಿತ. ಅದರ ಕೆಳಗೆ ಕೆಂಪು ನೀರು. ಆ ನೀರಡಿ ಗುಂಡಿಯಿದೆಯೋ ಚರಂಡಿಯಿದೆಯೋ ಗೊತ್ತಾಗುವುದಿಲ್ಲ. ಡಾಂಬರಿನ ಕೊನೆಯ ಒಂದಡಿಗೆ ಪಾಚಿ. ಮೇಲಿನಿಂದ ಲಂಟಾನ ಬೇಲಿ ರಸ್ತೆಗೆ ಚಾಚಿಕೊಂಡಿದೆ. ದಿನಾ ಹತ್ತು ಸಲ ಆ ದಾರಿಯಲ್ಲಿ ಓಡಾಡುತ್ತಿದ್ದವನು ನಾನು. ಕಾರಿನ ಸೀಟಿನಿಂದ ಇದ್ಯಾವುದೂ ಕಂಡೇ ಇರಲಿಲ್ಲ.

ಅಂಚಿನ ಇಳಿತ ಸೈಕಲ್‌ಗೆ ಏನು ಮಾಡುತ್ತದೆ ಅಂತ ಆಮೇಲೆ ಅರ್ಥ ಮಾಡಿಕೊಂಡೆ. ಮುಂದಿನ ಚಕ್ರ ಕೆಳಗೆ ಇಳಿದರೆ ಸವಾರ ಸಹಜವಾಗಿ ಬಲಕ್ಕೆ ಎಳೆದು ಮತ್ತೆ ಹತ್ತಲು ನೋಡುತ್ತಾನೆ. ಟೈರಿನ ಪಕ್ಕ ಡಾಂಬರಿನ ಅಂಚಿಗೆ ಉಜ್ಜಿಕೊಳ್ಳುತ್ತದೆ, ಹತ್ತುವುದಿಲ್ಲ. ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ. ಚಕ್ರ ಎಡಕ್ಕೇ ಉಳಿಯುತ್ತದೆ, ಮೈ ಬಲಕ್ಕೆ ಹೋಗುತ್ತದೆ. ಬೀಳುವುದು ರಸ್ತೆ ಕಡೆಗೆ, ಅಂದರೆ ನಮ್ಮ ಚಕ್ರದ ಮುಂದಕ್ಕೆ. 'ಇನ್ನೂ ಎಡಕ್ಕೆ ಹೋಗು' ಅಂತ ನಾವು ಹಾರ್ನ್ ಹೊಡೆಯುವುದು ಆ ಜಾಗಕ್ಕೇ.

ಇನ್ನು ಅಗಲದ ಲೆಕ್ಕ. ಇದನ್ನು ನನ್ನ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆದೇ ತೋರಿಸುತ್ತೇನೆ, ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಒಳರಸ್ತೆ ಒಳ್ಳೆಯದಿದ್ದರೆ 5.5 ಮೀಟರ್ ಇರುತ್ತದೆ ಅನ್ನೋಣ. ಸೈಕಲ್ ಅಂಚಿನಿಂದ ಅರ್ಧ ಮೀಟರ್ ಬಿಟ್ಟಿದೆ. ಆ ಅರ್ಧ ಮೀಟರೂ ಸೇರಿ, ಅಂಚಿನಿಂದ ಸವಾರನ ಬಲ ಮೊಣಕೈವರೆಗೆ 0.8 ಮೀಟರ್. ನಡುವೆ ಒಂದು ಮೀಟರ್ ಜಾಗ ಬಿಡಿ. ಕಾರಿನ ಅಗಲ 1.7. ಒಟ್ಟು 3.5 ಆಯಿತು. ಉಳಿದದ್ದು 2 ಮೀಟರ್. ಎದುರಿನಿಂದ ಇನ್ನೊಂದು ಕಾರು ಬಂದರೆ ಕನ್ನಡಿಗೆ ಕನ್ನಡಿ ಹೊಡೆಯುತ್ತದೆ. ಬಸ್ಸು ಬಂದರೆ ಕೇಳುವುದೇ ಬೇಡ, ಅದರ ಅಗಲ 2.6 ಮೀಟರ್‌ವರೆಗೂ ಇರಬಹುದು. ಈಗ ಸೈಕಲ್‌ನವರು ಪಾಪ ಅಂತ ಪೂರ್ತಿ ಅಂಚಿಗೇ ಹೋದರು ಅಂತಿಟ್ಟುಕೊಳ್ಳಿ. ನಿಮಗೆ ಸಿಗುವುದು ಅರ್ಧ ಮೀಟರಿಗಿಂತ ಕಮ್ಮಿ. ಆಗಲೂ ಬಸ್ಸು ಹಿಡಿಸುವುದಿಲ್ಲ. ಎದುರಿಗೆ ಗಾಡಿ ಇದ್ದರೆ ಹೇಗಿದ್ದರೂ ನೀವು ಕಾಯಲೇಬೇಕು. ಎದುರಿಗೆ ಯಾರೂ ಇಲ್ಲದಿದ್ದರೆ ಪೂರ್ತಿ ಬಲಭಾಗ ನಿಮ್ಮದೇ, ಅವರು ಮೂರಡಿ ಒಳಗಿದ್ದರೆ ನಿಮಗೇನು ನಷ್ಟ? ಸೈಕಲ್ ಪೂರ್ತಿ ಅಂಚಿಗೆ ಹೋದಾಗ ಆಗುವುದು ಒಂದೇ. ನಾನು ಬೋಯಿಕೇರಿಯಲ್ಲಿ ಮಾಡಿದ ಹಾಗೆ, ಇಲ್ಲದ ಸಂದಿಯಲ್ಲಿ ನುಗ್ಗುವ ಆಸೆ ಹುಟ್ಟುತ್ತದೆ.

ಜರ್ಮನಿಯಲ್ಲಿ 2020ರಿಂದ ಸೈಕಲ್‌ಗೆ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಜಾಗ ಬಿಡಬೇಕು ಅಂತ ಕಾನೂನೇ ಇದೆ. ನಮ್ಮ ರಸ್ತೆಗೆ 2 ಮೀಟರ್ ಅಂದರೆ ಜನ ನಗುತ್ತಾರೆ. ನಾನು ಕಲಿಸುವುದು 'ಸೈಕಲ್ ಈಗ ನಿಮ್ಮ ಕಡೆಗೆ ಬಿದ್ದರೂ ತಲೆ ಮೇಲೆ ಹೋಗಬಾರದು, ಅಷ್ಟು ದೂರ' ಅಂತ. ಇದಕ್ಕೆ ಟೇಪು ಬೇಡ.

ದೂರದ ಲೆಕ್ಕ ಇದಕ್ಕಿಂತ ಮುಖ್ಯ. ಏರಿನಲ್ಲಿ ಸೈಕಲ್ ಗಂಟೆಗೆ 8 ಕಿಲೋಮೀಟರ್ ಹೋಗುತ್ತಿದೆ, ನೀವು 30ರಲ್ಲಿ. ಹತ್ತು ಮೀಟರ್ ಹಿಂದಿನಿಂದ ಹೊರಟು ಹತ್ತು ಮೀಟರ್ ಮುಂದೆ ಹೋಗಿ ಸೇರಲು, ಕಾರು ಮತ್ತು ಸೈಕಲ್‌ನ ಉದ್ದವೂ ಸೇರಿದರೆ, ನಾಲ್ಕು ಸೆಕೆಂಡಿನ ಮೇಲೆ ಬೇಕು. ಅಷ್ಟರಲ್ಲಿ ಎದುರಿನ ಗಾಡಿ 40ರಲ್ಲಿ ಬಂದರೂ ಸುಮಾರು 47 ಮೀಟರ್ ಬಂದಿರುತ್ತದೆ, ನೀವು 36 ಮೀಟರ್ ಹೋಗಿರುತ್ತೀರಿ. ಅಂದರೆ ಮುಂದೆ 80 ಮೀಟರಿಗಿಂತ ಜಾಸ್ತಿ ಚೊಕ್ಕವಾಗಿ ಕಾಣಬೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಎಷ್ಟು ತಿರುವಿನಲ್ಲಿ ಅಷ್ಟು ಕಾಣುತ್ತದೆ, ನೀವೇ ಎಣಿಸಿ.

ಇಳಿಜಾರಲ್ಲಿ ಇದು ಇನ್ನೂ ಕೆಟ್ಟದು. ಅದು ಯಾರಿಗೂ ಹೊಳೆಯುವುದಿಲ್ಲ. ಮದೆನಾಡಿನಿಂದ ಜೋಡುಪಾಲದ ಕಡೆಗೆ ಇಳಿಯುವಾಗ ಗೇರ್ ಸೈಕಲ್ 40ರಲ್ಲಿ ಹೋಗುವುದು ಏನೂ ದೊಡ್ಡದಲ್ಲ. 'ಸೈಕಲ್ ಅಲ್ವಾ, ನಿಧಾನ' ಅಂದುಕೊಂಡು ನೀವು 50ರಲ್ಲಿ ಬಲಕ್ಕೆ ಎಳೆಯುತ್ತೀರಿ. ವ್ಯತ್ಯಾಸ ಬರೀ ಹತ್ತು ಕಿಲೋಮೀಟರ್. ಹಿಂದಿಕ್ಕಲು ಒಂಬತ್ತು ಸೆಕೆಂಡು ದಾಟುತ್ತದೆ. ಎದುರಿನ ಗಾಡಿಯನ್ನೂ ಲೆಕ್ಕಕ್ಕೆ ಹಿಡಿದರೆ 230 ಮೀಟರಿಗೂ ಜಾಸ್ತಿ ಖಾಲಿ ರಸ್ತೆ ಬೇಕು. ಅರ್ಧದಲ್ಲಿ ಎದುರಿಗೆ ಬಸ್ಸು ಕಾಣುತ್ತದೆ, ಗಾಬರಿಯಲ್ಲಿ ಎಡಕ್ಕೆ ಎಳೆಯುತ್ತೀರಿ. ಅಲ್ಲಿ ಸೈಕಲ್ ಇರುತ್ತದೆ. ಘಾಟಿ ಇಳಿಯುವಾಗ ಸೈಕಲನ್ನು ಹಿಂದಿಕ್ಕಬೇಡಿ ಅಂತ ನಾನು ಸುಮ್ನೆ ನಿಯಮ ಮಾಡಿಬಿಟ್ಟಿದ್ದೇನೆ. ಹಿಂದೆಯೇ ಹೋಗಿ.

ಕಾದರೆ ಎಷ್ಟು ತಡವಾಗುತ್ತದೆ? ಏರಿನಲ್ಲಿ 200 ಮೀಟರ್ ಸೈಕಲ್ ಹಿಂದೆ ಹೋದರೆ ಒಂದು ನಿಮಿಷಕ್ಕೆ ಚೂರು ಜಾಸ್ತಿ. ಕುಶಾಲನಗರದಲ್ಲಿ ಒಂದು ಟೀ ತಣ್ಣಗಾಗುವ ಹೊತ್ತೂ ಅಲ್ಲ.

ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಏರು ಹತ್ತುವವರಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ಎಲ್‌ಎಲ್‌ಆರ್ ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡುವ ಉತ್ತರ. ಹತ್ತುವವರು ಸೈಕಲ್ ಮೇಲಿದ್ದರೆ ಮಾತ್ರ ಆ ಉತ್ತರ ಯಾರಿಗೂ ನೆನಪಾಗುವುದಿಲ್ಲ.

ಹಾರ್ನ್ ಬಗ್ಗೆ ಒಂದು ಮಾತು. ತಿರುವಿನ ಮೊದಲು, ದೂರದಿಂದ ಒಂದು ಸಣ್ಣ ಹಾರ್ನ್ ಒಳ್ಳೆಯದೇ. ಸೈಕಲ್‌ನ ಬಾಲಕ್ಕೆ ಬಂದು ಹೊಡೆದರೆ ಸವಾರ ಬೆಚ್ಚಿ ಬಲಕ್ಕೆ ತಲೆ ತಿರುಗಿಸುತ್ತಾನೆ. ತಲೆ ತಿರುಗಿದ ಕಡೆ ಹ್ಯಾಂಡಲ್ ಕೂಡ ಚೂರು ವಾಲುತ್ತದೆ. ಬೇಕಿದ್ದರೆ ಮನೆ ಅಂಗಳದಲ್ಲಿ ಮಾಡಿ ನೋಡಿ.

ಆಮೇಲೆ ನಮ್ಮ ಜಿಲ್ಲೆಯದೇ ಒಂದು ಅಪಾಯ: ಹೋಂಸ್ಟೇ ಬೋರ್ಡು. ಶನಿವಾರ ಬರುವ ಹೊರಗಿನ ಕಾರುಗಳು ಒಂದು ಕಣ್ಣು ಮೊಬೈಲ್ ಮ್ಯಾಪಿಗೆ, ಇನ್ನೊಂದು ಬೋರ್ಡಿಗೆ ಇಟ್ಟಿರುತ್ತವೆ. ಸೈಕಲನ್ನು ದಾಟಿದ ಮರುಕ್ಷಣ ಗೇಟ್ ಕಾಣುತ್ತದೆ, ಸರ್ರನೆ ಎಡಕ್ಕೆ. ಮಳೆಯಲ್ಲಿ ಹಳೇ ಸೈಕಲ್‌ನ ಕಬ್ಬಿಣದ ರಿಮ್ಮು ನೆನೆದರೆ ಬ್ರೇಕ್ ಹಿಡಿಯುವುದೇ ಇಲ್ಲ. ಅವರು ನೇರ ನಿಮ್ಮ ಬಾಗಿಲಿಗೆ. ಎಡಕ್ಕೆ ತಿರುಗಬೇಕಿದ್ದರೆ ಸೈಕಲ್ ಹಿಂದೆಯೇ ಇರಿ. ಕಾರು ನಿಲ್ಲಿಸಿ ಇಳಿಯುವಾಗ ಬಾಗಿಲನ್ನು ಎಡಗೈಯಿಂದ ತೆಗೆಯಿರಿ. ಎಡಗೈ ಬಾಗಿಲಿಗೆ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವವರು ಕಾಣುತ್ತಾರೆ.

ಸೈಕಲ್‌ನವರನ್ನು ತಲೆ ಮೇಲೆ ಕೂರಿಸುತ್ತಿದ್ದೇನೆ ಅಂತ ಯಾರಾದರೂ ಅಂದುಕೊಂಡರೆ, ಅವರ ಮೇಲೆ ನನ್ನ ಸಿಟ್ಟೂ ಕಮ್ಮಿಯಿಲ್ಲ. ಬೆಳಗಿನ ಮಂಜಿನಲ್ಲಿ ಕಪ್ಪು ಜಾಕೆಟ್ ಹಾಕಿ, ಹಿಂದೆ ಒಂದು ಕೆಂಪು ಲೈಟೂ ಇಲ್ಲದೆ ಬಂದರೆ ದೇವರಿಗೂ ಕಾಣುವುದಿಲ್ಲ. ನಾವು ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಇನ್ನೊಂದು. ಇಳಿಜಾರಿನ ಬಲತಿರುವಿನಲ್ಲಿ ವೇಗ ಉಳಿಸಲು ರಸ್ತೆಯ ಬಲಕ್ಕೇ ಕತ್ತರಿಸಿ ಬರುವುದು ಎಲ್ಲಕ್ಕಿಂತ ಕೆಟ್ಟದ್ದು. ಅಂಚು ಬಿಟ್ಟು ಮೂರಡಿ ಒಳಗೆ ಬರುವುದಕ್ಕೆ ಕಾರಣವಿದೆ, ಎದುರು ಗಾಡಿಯ ಜಾಗಕ್ಕೆ ಬರುವುದಕ್ಕೆ ಏನೂ ಕಾರಣವಿಲ್ಲ. ಬಸ್ಸು ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಹಾದು ಹೋಗುತ್ತದೆ. ಎಡತಿರುವಿನಲ್ಲಿ ಬಸ್ಸಿನ ಎಡಕ್ಕೆ ನುಸುಳಿದರೆ ಡ್ರೈವರ್‌ಗೆ ನೀವು ಕಾಣುವುದಿಲ್ಲ, ಆ ಚಕ್ರಕ್ಕೆ ಸಿಗುತ್ತೀರಿ. ವಾರಾಂತ್ಯಕ್ಕೆ ಹದಿನೈದಿಪ್ಪತ್ತು ಜನ ಗುಂಪಾಗಿ ಬರುವವರಿಗೆ ನನ್ನದೊಂದು ಕೋರಿಕೆ. ನಾಲ್ಕು ನಾಲ್ಕು ಜನರಾಗಿ ಒಡೆದುಕೊಳ್ಳಿ, ನಡುವೆ ಐವತ್ತು ಮೀಟರ್ ಬಿಡಿ. ಪಿಕಪ್ ಒಂದು ಗುಂಪು ದಾಟಿ, ಒಳಗೆ ಬಂದು ಉಸಿರು ಬಿಟ್ಟು, ಆಮೇಲೆ ಮುಂದಿನದನ್ನು ದಾಟಲಿ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಕಾಫಿ ಮೂಟೆ, ತೋಟದ ಆಳುಗಳು, ಶಾಲೆ ಮಕ್ಕಳು, ಆಂಬುಲೆನ್ಸ್, ಎಲ್ಲಕ್ಕೂ ಇದೇ ರಸ್ತೆ.

ಹೆದ್ದಾರಿಗೆ ಮೊದಲ ಸಲ ಗಾಡಿ ಇಳಿಸುವ ಮೊದಲು ನಾನು ಈಗ ಒಂದು ಪಾಠ ಸೇರಿಸಿದ್ದೇನೆ. ಬೆಳಿಗ್ಗೆ ಆರೂವರೆಗೆ, ಮಳೆಯಿಲ್ಲದ ದಿನ, ಕಲಿಯುವವರು ಸೈಕಲ್ ಹತ್ತಿ ಕೆದಕಲ್ ಕಡೆಗೆ ಎರಡು ಕಿಲೋಮೀಟರ್ ಹೋಗಬೇಕು. ನಾನು ಹಿಂದೆ ಕಾರಿನಲ್ಲಿ, ಇಂಡಿಕೇಟರ್ ಹಾಕಿಕೊಂಡು. "ಫೀಸ್ ಕೊಟ್ಟಿದ್ದು ಕಾರಿಗೆ ಸರ್" ಅಂತ ಕೆಲವರು ಒಪ್ಪುವುದಿಲ್ಲ. ಬಲವಂತ ಮಾಡುವುದಿಲ್ಲ.

ಕಳೆದ ವರ್ಷ ಐವತ್ತು ದಾಟಿದ ಒಬ್ಬ ತೋಟದ ಯಜಮಾನರು ಒಪ್ಪಿದರು. ಮಗ ಬೆಂಗಳೂರಿಗೆ ಹೋದ ಮೇಲೆ ಕಾರು ಕಲಿಯಲೇಬೇಕಾಗಿ ಬಂದವರು. ಮೊದಲ ಏರಿನಲ್ಲೇ ಇಳಿದು ತಳ್ಳಿದರು. ಹತ್ತಿರದಲ್ಲೇ ಒಂದು ಲಾರಿ ಹಾದು ಹೋಯಿತು. ಗಾಳಿಗೆ ಅವರ ಟೋಪಿ ಹಾರಿತು. ಕಾರಿಗೆ ವಾಪಸ್ ಬಂದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಮ್ಮ ಗೇಟಿನ ಹತ್ರವೂ ಬೇಲಿ ಹೀಗೇ ಚಾಚಿದೆ, ಅಲ್ವಾ?" ಅಂದರು. ಹೌದು ಅಂದೆ.

ಎರಡು ದಿನ ಬಿಟ್ಟು ಆ ಕಡೆ ಹೋದೆ. ಅವರ ತೋಟದ ಉದ್ದಕ್ಕೂ ಬೇಲಿ ಸವರಿತ್ತು, ಅಂಚಿನ ಗುಂಡಿಗಳಿಗೆ ಜಲ್ಲಿ ಬಿದ್ದಿತ್ತು. ಕ್ಲಚ್ ಮಾತ್ರ ಅವರು ಈಗಲೂ ಒಮ್ಮೆಲೇ ಬಿಡುತ್ತಾರೆ.