ಬಲೆ ತುಂಬಿತೆಂದರೆ ಕಡಲು ತುಂಬಿದೆ ಎಂದಲ್ಲ

ಕಾಡ್‌ನಂಥ ಕಡಲಮೀನು ಎಷ್ಟು ಹಿಡಿದರೂ ಮುಗಿಯುವುದಿಲ್ಲ ಎಂದು 1883ರಲ್ಲಿ ಲಂಡನ್ನಿನ ಮೀನುಗಾರಿಕೆ ಪ್ರದರ್ಶನದಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಹೇಳಿದ್ದರು. 1950ರ ದಶಕದಲ್ಲಿ ಶೇಫರ್, ಬೆವರ್ಟನ್, ಹೋಲ್ಟ್ ಎಂಬ ವಿಜ್ಞಾನಿಗಳು ಎಷ್ಟು ಹಿಡಿಯಬಹುದು ಎಂಬ ಲೆಕ್ಕದ ಸೂತ್ರಗಳನ್ನು ಕೊಟ್ಟರು. 1982ರ ಕಡಲ ಕಾನೂನು ಒಪ್ಪಂದದೊಳಗೆ ‘ಗರಿಷ್ಠ ಸುಸ್ಥಿರ ಇಳುವರಿ’, ಅಂದರೆ ಮೀನು ಕರಗದಂತೆ ವರ್ಷವರ್ಷವೂ ಹಿಡಿಯಬಹುದಾದ ಅತಿ ಹೆಚ್ಚಿನ ಪ್ರಮಾಣ, ಸೇರಿತು. ಆಗಲೂ ಲೆಕ್ಕ ಒಂದೊಂದೇ ಜಾತಿಯ ಮೀನಿನದು; ಕಡಲಿನದಲ್ಲ.

ಆ ಲೆಕ್ಕವೂ ಎಲ್ಲಿ ಕೈಕೊಡುತ್ತದೆ ಎಂದು ತೋರಿಸಿದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಲ್ಲಿ ಕಾಡ್ ಮೀನಿಗೆ ಎರಡು ಅಳತೆಗಳಿದ್ದವು. ಒಂದು, ಬಲೆ ಎಳೆದು ಮೀನು ಹಿಡಿಯುವ ಟ್ರಾಲರ್ ಹಡಗುಗಳು ಗಂಟೆಗೆ ಹಿಡಿದ ಮೀನು. ಇನ್ನೊಂದು, ಸಂಶೋಧನಾ ಹಡಗು ಚೀಟಿ ಎತ್ತಿದಂತೆ ಆರಿಸಿದ ಜಾಗಗಳಲ್ಲಿ ಬಲೆ ಎಳೆದು ಕಂಡದ್ದು. ಸಂಖ್ಯೆ ಕುಗ್ಗಿದಾಗ ಕಾಡ್ ಉಳಿದ ಕೆಲವೇ ಜಾಗಗಳಲ್ಲಿ ದಟ್ಟವಾಗಿ ಸೇರುತ್ತದೆ. ಟ್ರಾಲರ್ ನೇರ ಅಲ್ಲಿಗೇ ಹೋಗುತ್ತದೆ. ಹೀಗಾಗಿ ಮೀನು ಕರಗುತ್ತಿದ್ದರೂ ಗಂಟೆಯ ಹಿಡಿತ ಇಳಿಯಲಿಲ್ಲ. 1989ಕ್ಕೆ ವಿಜ್ಞಾನಿಗಳು ಸೂಚಿಸಿದ ಮಿತಿ 1,25,000 ಟನ್, ನಿಗದಿಯಾದದ್ದು 2,35,000. 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸುಮಾರು 30,000 ಜನರ ಕೆಲಸ ಹೋಯಿತು. ಬರಿದಾದ ಜಾಗಗಳಲ್ಲೂ ಬಲೆ ಎಳೆದು ಬಂದ ಹಡಗಿನ ಮಾತಿಗೆ ಹೆಚ್ಚು ಬೆಲೆ ಸಿಗಬೇಕಿತ್ತು.

ಇಂಥ ಹಡಗು ನಡೆಸುವ ಸಮೀಕ್ಷೆಯ ಬಲ ಇರುವುದು ಅದರ ಹಟದಲ್ಲಿ. ಯುರೋಪಿನ ಉತ್ತರ ಸಮುದ್ರದಲ್ಲಿ ಒಂದೇ ಮಾದರಿಯ ಬಲೆಯನ್ನು, ಒಂದೇ ವೇಗದಲ್ಲಿ, ಸಾಮಾನ್ಯವಾಗಿ 30 ನಿಮಿಷ ಎಳೆಯುತ್ತಾರೆ. ಬಿದ್ದದ್ದನ್ನು ಜಾತಿವಾರು ಬೇರ್ಪಡಿಸಿ, ಉದ್ದ ಅಳೆದು, ಕೆಲವು ಮೀನುಗಳ ಕಿವಿಯೊಳಗಿನ ಕಲ್ಲು ತೆಗೆದು ಮರದ ಉಂಗುರ ಎಣಿಸುವಂತೆ ವಯಸ್ಸು ಎಣಿಸುತ್ತಾರೆ. ಬಲೆ ಬದಲಿಸಬೇಕಾದರೆ ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ಎಳೆದು ವ್ಯತ್ಯಾಸ ಕಂಡುಕೊಳ್ಳಬೇಕು. ಅದನ್ನು ಬಿಟ್ಟರೆ, ಹೆಚ್ಚಿದ್ದು ಮೀನೋ ಬಲೆಯ ಹಿಡಿತವೋ ತಿಳಿಯದು.

ಒಂದು ಜಾತಿಯಾಚೆಗೆ ನೋಡುವ ‘ದೊಡ್ಡ ಮೀನಿನ ಪಾಲು’ ಎಂಬ ಸೂಚ್ಯಂಕ ಹುಟ್ಟಿದ್ದೂ ಈ ಅಂಕಿಗಳಿಂದಲೇ. ತಳದ ಮೀನುಗಳ ಒಟ್ಟು ತೂಕದಲ್ಲಿ 40 ಸೆಂ.ಮೀ.ಗಿಂತ ಉದ್ದದವುಗಳ ಪಾಲು ಎಷ್ಟು ಎಂಬ ಲೆಕ್ಕವದು. ಉತ್ತರ ಸಮುದ್ರಕ್ಕೆ ಗುರಿ 0.3, 2001ರ ಹೊತ್ತಿಗೆ ಅದು ಸುಮಾರು 0.05ಕ್ಕೆ ಕುಸಿದಿತ್ತು.

1998ರಲ್ಲಿ ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪೌಲಿ ತಂಡ, ನಾವು ಆಹಾರ ಸರಪಳಿಯ ಮೇಲಿನ ಮೀನು ಮುಗಿಸಿ ಕೆಳಗಿಳಿಯುತ್ತಿದ್ದೇವೆ ಎಂದು ಹಿಡಿದ ಮೀನಿನ ಅಂಕಿಗಳಿಂದ ತೋರಿಸಿತು. ಆ ಅಂಕಿ ಕಡಲಿನ ಸ್ಥಿತಿಯನ್ನೇ ಹೇಳುತ್ತದೆಯೇ ಎಂದು 2010ರಲ್ಲಿ ಬೇರೊಂದು ತಂಡ ಪ್ರಶ್ನಿಸಿತು. ಮತ್ತೆ ಅದೇ ಗಂಟು: ಬಲೆಯ ಲೆಕ್ಕವೋ, ಕಡಲ ಲೆಕ್ಕವೋ. ಈ ನಡುವೆ, ಮಿತಿಮೀರಿ ಹಿಡಿದ ಮೀನು ಸಂಗ್ರಹಗಳ (ಅಂದರೆ ಕಡಲಲ್ಲಿ ಒಂದೊಂದು ಕಡೆ ಇರುವ ಒಂದೊಂದು ಜಾತಿಯ ಮೀನುಗಳ) ಪ್ರಮಾಣ 1974ರ ಶೇ 10ರಿಂದ 2019ಕ್ಕೆ ಶೇ 35.4ಕ್ಕೆ ಏರಿತು ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ.

ಮೀನುಗಾರಿಕೆ ತಗ್ಗಿಸಿದರೂ ದೊಡ್ಡ ಮೀನಿನ ಪಾಲು ಪೂರ್ತಿ ಚೇತರಿಸಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಬಹುದು. ಹಿಡಿಯುವ ಮಿತಿಯನ್ನು ಮಾತ್ರ ಹೆಚ್ಚಿನ ಕಡೆ ವರ್ಷವರ್ಷವೂ ಗೊತ್ತುಮಾಡುತ್ತಾರೆ.