ಲಾಂಡೌ ಸೆರೆಮನೆಯಿಂದ ಹೊರಬಂದದ್ದು ಹೇಗೆ?

ಪ್ರಶ್ನೆ: ಸ್ಟಾಲಿನ್ ಕಾಲದಲ್ಲಿ ಬಂಧಿತರಾದ ಭೌತವಿಜ್ಞಾನಿ ಲೆವ್ ಲಾಂಡೌ ಒಂದೇ ವರ್ಷದಲ್ಲಿ ಬಿಡುಗಡೆಯಾದದ್ದು ಹೇಗೆ? ನಿರಪರಾಧಿ ಎಂದು ಸಾಬೀತಾಯಿತೆ, ಅಥವಾ ದೊಡ್ಡ ವಿಜ್ಞಾನಿ ಎಂದು ಬಿಟ್ಟುಬಿಟ್ಟರೆ?

ಉತ್ತರ: ಎರಡೂ ಅಲ್ಲ. ಅವರ ಮೇಲಿದ್ದ ಆರೋಪವನ್ನು ಆಗ ಯಾರೂ ತಳ್ಳಿಹಾಕಲಿಲ್ಲ. ಇನ್ನು ದೊಡ್ಡ ವಿಜ್ಞಾನಿ ಎಂಬ ಹೆಸರು ಆ ದಿನಗಳಲ್ಲಿ ಪ್ರಾಣ ಉಳಿಸುವಂಥದ್ದಾಗಿರಲಿಲ್ಲ. ಲಾಂಡೌ ಅವರ ವಿದ್ಯಾರ್ಥಿ ದೆಸೆಯ ಗೆಳೆಯ, ಗುರುತ್ವಕ್ಕೂ ಕ್ವಾಂಟಮ್ ಸಿದ್ಧಾಂತಕ್ಕೂ ನಂಟು ಹುಡುಕಿದ ಮೊದಲಿಗರಲ್ಲೊಬ್ಬರಾದ ಮತ್ವೇಯ್ ಬ್ರಾನ್‌ಸ್ಟೈನ್ ಅವರನ್ನು 1938ರ ಫೆಬ್ರವರಿಯಲ್ಲಿ ಲೆನಿನ್‌ಗ್ರಾಡಿನಲ್ಲಿ ಗುಂಡಿಕ್ಕಿ ಕೊಂದರು. ಆಗ ಅವರಿಗೆ 31 ವರ್ಷ. ಖಾರ್ಕಿವ್‌ನಲ್ಲಿ ಲಾಂಡೌ ಜೊತೆ ಕೆಲಸ ಮಾಡಿದ್ದ, ಅತಿಶೀತ ಪ್ರಯೋಗಗಳಲ್ಲಿ ಜಗತ್ತಿಗೇ ಹೆಸರಾಗಿದ್ದ ಲೆವ್ ಶುಬ್ನಿಕೊವ್ ಅವರಿಗೂ 1937ರ ನವೆಂಬರಿನಲ್ಲಿ ಅದೇ ಗತಿಯಾಗಿತ್ತು. ಹಾಗಿರುವಾಗ ಲಾಂಡೌ ಬದುಕಿ ಬಂದದ್ದಕ್ಕೆ ಬೇರೆಯೇ ಕಾರಣ ಬೇಕು. ಅದನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಪ್ಯೋತರ್ ಕಪಿತ್ಸ ಎಂಬ ಇನ್ನೊಬ್ಬ ಭೌತವಿಜ್ಞಾನಿ ಲಿಖಿತವಾಗಿ ಅವರಿಗೆ ಜಾಮೀನು ನಿಂತರು. ಆದರೆ ಆ ಜಾಮೀನು ಒಪ್ಪಿತವಾಗಲು ಇನ್ನೆರಡು ಸಂಗತಿಗಳು ಕೂಡಿಬರಬೇಕಾಯಿತು.

ಮೊದಲು ಆಸಾಮಿಯ ಪರಿಚಯ. ಲಾಂಡೌ ಹುಟ್ಟಿದ್ದು 1908ರ ಜನವರಿ 22ರಂದು, ತೈಲಬಾವಿಗಳ ಊರಾದ ಬಾಕುವಿನಲ್ಲಿ. ತಂದೆ ತೈಲ ಎಂಜಿನಿಯರ್, ತಾಯಿ ವೈದ್ಯೆ. 14ನೆಯ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿದ ಹುಡುಗ ಮುಂದೆ ಲೆನಿನ್‌ಗ್ರಾಡಿಗೆ ಹೋಗಿ 1927ರಲ್ಲಿ ಪದವಿ ಪಡೆದ. 1929ರಿಂದ 1931ರವರೆಗೆ ಯುರೋಪಿನಲ್ಲಿ ಸುತ್ತಾಡಿ, ಕೋಪನ್‌ಹೇಗನ್‌ನ ನೀಲ್ಸ್ ಬೋರ್ ಅವರನ್ನು ತನ್ನ ಗುರುವೆಂದು ಬಾಳಿನುದ್ದಕ್ಕೂ ಹೇಳಿಕೊಂಡ. 1932ರಲ್ಲಿ ಖಾರ್ಕಿವ್‌ನ ಭೌತ-ತಾಂತ್ರಿಕ ಸಂಸ್ಥೆಯಲ್ಲಿ ಸೈದ್ಧಾಂತಿಕ ವಿಭಾಗದ ಮುಖ್ಯಸ್ಥರಾದಾಗ ಅವರಿಗಿನ್ನೂ 24. ತಮ್ಮ ಬಳಿ ಕಲಿಯಬಯಸುವವರಿಗೆ ‘ಸೈದ್ಧಾಂತಿಕ ಕನಿಷ್ಠ’ ಎಂಬ ಪರೀಕ್ಷೆಗಳ ಸಾಲನ್ನು ಹೂಡಿದ್ದು ಅಲ್ಲಿಯೇ; 1961ರವರೆಗೆ ಅದನ್ನು ದಾಟಿದವರು 43 ಜನ ಮಾತ್ರ. ಭೌತವಿಜ್ಞಾನಿಗಳಿಗೆಲ್ಲ ಅಂಕ ಹಚ್ಚುವ ಚಾಳಿಯೂ ಅವರಿಗಿತ್ತು. ಅದರಲ್ಲಿ ಐನ್‌ಸ್ಟೈನ್‌ಗೆ ಅರ್ಧ, ತಮಗೆ ಎರಡೂವರೆ. ಅಂಕ ಕಡಿಮೆಯಾದಷ್ಟೂ ಯೋಗ್ಯತೆ ಹೆಚ್ಚು. ಎದುರಿಗಿರುವವರು ಎಷ್ಟೇ ಹಿರಿಯರಾಗಿರಲಿ, ಅವರ ತಪ್ಪನ್ನು ಸಭೆಯಲ್ಲೇ ಎತ್ತಿ ಆಡುವ ಈ ನಾಲಿಗೆಯ ವಿಚಾರ ನಮ್ಮ ಪ್ರಶ್ನೆಗೆ ಹೊರಗಿನದಲ್ಲ, ಅದು ಮುಂದೆ ಬರುತ್ತದೆ.

ಖಾರ್ಕಿವ್‌ನಲ್ಲಿ ಬಂಧನಗಳ ಗಾಳಿ ಬೀಸತೊಡಗಿದಾಗ, 1937ರ ಆರಂಭದಲ್ಲಿ, ಲಾಂಡೌ ಮಾಸ್ಕೋಗೆ ಬಂದು ಕಪಿತ್ಸ ಅವರ ಭೌತಿಕ ಸಮಸ್ಯೆಗಳ ಸಂಸ್ಥೆಯನ್ನು ಸೇರಿಕೊಂಡರು. ಒಂದು ವರ್ಷವಷ್ಟೇ ನೆಮ್ಮದಿ. 1938ರ ಏಪ್ರಿಲ್ 28ರ ನಸುಕಿನಲ್ಲಿ ಅವರನ್ನು ಹಿಡಿದೊಯ್ದರು. ಅವರ ಜೊತೆಗೆ ಭೌತವಿಜ್ಞಾನಿಗಳಾದ ಯೂರಿ ರೂಮರ್ ಮತ್ತು ಮೊಯ್ಸೇಯ್ ಕೊರೆತ್ಸ್ ಕೂಡ ಬಂಧಿತರಾದರು.

ಲಾಂಡೌ ಏನನ್ನೂ ಮಾಡಿರಲಿಲ್ಲ, ಎಲ್ಲವೂ ಪೊಲೀಸರ ಕಟ್ಟುಕತೆ ಎಂದೇ ಬಹುಕಾಲ ನಂಬಲಾಗಿತ್ತು. 1991ರಲ್ಲಿ ಅವರ ತನಿಖಾ ಕಡತದ ಕಾಗದಗಳು ಪ್ರಕಟವಾದಾಗ ಚಿತ್ರ ಬದಲಾಯಿತು. ಅದರಲ್ಲಿ ಮೇ ದಿನದ ಮೆರವಣಿಗೆಯಲ್ಲಿ ಹಂಚಲೆಂದು ಸಿದ್ಧಪಡಿಸಿದ ಒಂದು ಕರಪತ್ರವಿತ್ತು. ಅಕ್ಟೋಬರ್ ಕ್ರಾಂತಿಗೆ ದ್ರೋಹವಾಗಿದೆ, ನಿಜವಾದ ಸಮಾಜವಾದವನ್ನು ದ್ವೇಷಿಸುವುದರಲ್ಲಿ ಸ್ಟಾಲಿನ್ ಹಿಟ್ಲರ್ ಮತ್ತು ಮುಸೊಲಿನಿಯರ ಸಾಲಿಗೆ ಸೇರುತ್ತಾನೆ ಎಂದು ಅದು ನೇರವಾಗಿ ಸಾರುತ್ತಿತ್ತು. ಕೊರೆತ್ಸ್ ಬರೆದದ್ದನ್ನು ಲಾಂಡೌ ನೋಡಿ ತಿದ್ದಿದರು ಎಂಬುದು ಕಡತದ ಸಾರ. ಹಿಂಸೆಯ ನಡುವೆ ಪಡೆದ ಹೇಳಿಕೆಗಳನ್ನು ಎಷ್ಟು ನಂಬಬಹುದು ಎಂಬ ವಾದ ಇಂದಿಗೂ ಇದೆ, ಮತ್ತು ಅದು ಇರಬೇಕಾದದ್ದೇ. ಆದರೂ ಆ ಕಾಲದ ಲಾಂಡೌ ತಮ್ಮನ್ನು ಸಮಾಜವಾದಿಯೆಂದೇ ತಿಳಿದಿದ್ದವರು, ಗೆಳೆಯರು ಒಬ್ಬೊಬ್ಬರಾಗಿ ಮಾಯವಾಗುವುದನ್ನು ಕಂಡವರು. ಕರಪತ್ರ ನಿಜವೇ ಇರಬೇಕೆಂದು ನನಗೆ ತೋರುತ್ತದೆ. ಹಾಗಿದ್ದಲ್ಲಿ ಅದು ಮರಣದಂಡನೆಗೆ ಬೇಕಾದುದಕ್ಕಿಂತ ಹೆಚ್ಚಿನ ಸಾಕ್ಷ್ಯ.

ಬಂಧನದ ದಿನವೇ ಕಪಿತ್ಸ ಸ್ಟಾಲಿನ್‌ಗೆ ಪತ್ರ ಬರೆದರು. ಈ ಪತ್ರದ ಜಾಣತನವನ್ನು ಗಮನಿಸಬೇಕು. ಲಾಂಡೌ ನಿರ್ದೋಷಿ ಎಂದು ಅವರು ವಾದಿಸಲಿಲ್ಲ. ಬದಲಾಗಿ, ಈತ ಮತ್ತು ಭೌತವಿಜ್ಞಾನಿ ವ್ಲಾದಿಮಿರ್ ಫಾಕ್ ನಮ್ಮ ದೇಶದ ಅತಿ ಸಮರ್ಥ ಸೈದ್ಧಾಂತಿಕರು ಎಂದು ಹೇಳಿ, ಆಮೇಲೆ ಈತನ ಸ್ವಭಾವ ಕೆಟ್ಟದ್ದು, ಇತರರಲ್ಲಿ, ಅದರಲ್ಲೂ ಹಿರಿಯ ಅಕಾಡೆಮಿ ಸದಸ್ಯರಲ್ಲಿ, ತಪ್ಪು ಹುಡುಕಿ ಮರ್ಯಾದೆಯಿಲ್ಲದೆ ಗೇಲಿ ಮಾಡುತ್ತಾನೆ, ಹಾಗಾಗಿ ಶತ್ರುಗಳು ಬಹಳ ಎಂದು ತಾವೇ ದೂರಿದರು. ಅಂದರೆ, ಈತನ ಮೇಲೆ ಬಂದಿರುವ ಚಾಡಿಗಳಿಗೆ ರಾಜಕೀಯವಲ್ಲದ ಕಾರಣವೊಂದನ್ನು ಒದಗಿಸಿಟ್ಟರು. ಈ ದಾರಿ ಅವರಿಗೆ ಹೊಸದೂ ಅಲ್ಲ. ಹಿಂದಿನ ವರ್ಷ ಇದೇ ಫಾಕ್ ಬಂಧನವಾದಾಗ ಕಪಿತ್ಸ ಪತ್ರ ಬರೆದಿದ್ದರು, ಫಾಕ್ ಕೆಲವೇ ದಿನಗಳಲ್ಲಿ ಹೊರಬಂದಿದ್ದರು.

ಈ ಸಲ ಹಾಗಾಗಲಿಲ್ಲ. 1938ರ ಸೆಪ್ಟೆಂಬರಿನಲ್ಲಿ ಬೋರ್ ಕೂಡ ಸ್ಟಾಲಿನ್‌ಗೆ ಬರೆದರು. ತಿಂಗಳುಗಳು ಸರಿದವು, ಲಾಂಡೌ ಒಳಗೆ ಸೊರಗುತ್ತ ಹೋದರು. ಆ ವೇಳೆಗೆ ಮೇಲಿನ ಎರಡು ಸಂಗತಿಗಳಲ್ಲಿ ಮೊದಲನೆಯದು ಒದಗಿಬಂತು: 1938ರ ನವೆಂಬರಿನಲ್ಲಿ ಗುಪ್ತ ಪೊಲೀಸ್ ಇಲಾಖೆಯ ಮುಖ್ಯಸ್ಥ ಯೆಝೋವ್‌ನನ್ನು ಇಳಿಸಿ ಬೆರಿಯಾನನ್ನು ಕೂರಿಸಲಾಯಿತು. ಬೆರಿಯಾ ದಯಾಳುವೇನಲ್ಲ, ಆದರೆ ಹಿಂದಿನವನ ಕಾಲದ ಕೆಲವು ಪ್ರಕರಣಗಳನ್ನು ಸಡಿಲಿಸುವುದು ಹೊಸಬನಿಗೆ ಅನುಕೂಲವಾಗಿತ್ತು.

ಎರಡನೆಯದು ಹೀಲಿಯಂ. ದ್ರವ ಹೀಲಿಯಂ ಅನ್ನು 2.17 ಕೆಲ್ವಿನ್‌ಗಿಂತ (ಸುಮಾರು −271 ಡಿಗ್ರಿ ಸೆಲ್ಸಿಯಸ್) ಕೆಳಕ್ಕೆ ತಣಿಸಿ, ನುಣ್ಣಗೆ ಉಜ್ಜಿದ ಎರಡು ಗಾಜಿನ ಬಿಲ್ಲೆಗಳ ನಡುವಿನ ಅತಿ ಕಿರಿದಾದ ಸಂದಿನಲ್ಲಿ ಹರಿಯಬಿಟ್ಟಾಗ, ಅದು ತಡೆಯೇ ಇಲ್ಲದಂತೆ ಹರಿಯುವುದನ್ನು ಕಪಿತ್ಸ ಕಂಡಿದ್ದರು. ಈ ಅತಿದ್ರವತೆಯ ವರದಿ 1938ರ ಜನವರಿಯಲ್ಲಿ ಪ್ರಕಟವಾಗಿತ್ತು. ಕೇಂಬ್ರಿಡ್ಜ್‌ನ ಇಬ್ಬರ ವರದಿಯೂ ಅದೇ ಸಂಚಿಕೆಯಲ್ಲಿತ್ತು. ವಿದ್ಯಮಾನ ಕಂಡಿತ್ತು, ವಿವರಣೆ ಇರಲಿಲ್ಲ. 1939ರ ಏಪ್ರಿಲ್ 6ರಂದು ಕಪಿತ್ಸ ಪ್ರಧಾನಿ ಮೊಲೊಟೊವ್‌ಗೆ ಬರೆದ ಪತ್ರದಲ್ಲಿ ಇದನ್ನೇ ಮುಂದಿಟ್ಟರು: ಹೊಸ ವಿದ್ಯಮಾನಗಳು ದೊರೆತಿವೆ, ಇವನ್ನು ಬಿಡಿಸಬಲ್ಲ ಸೈದ್ಧಾಂತಿಕ ಒಬ್ಬನೇ, ಅವನು ವರ್ಷದಿಂದ ನಿಮ್ಮ ಸೆರೆಯಲ್ಲಿದ್ದಾನೆ. ಬಿಡಲಾಗದಿದ್ದರೆ ಜೈಲಿನಲ್ಲೇ ಇಟ್ಟು ಅವನ ತಲೆಯನ್ನಾದರೂ ಬಳಸಿಕೊಳ್ಳಬಾರದೆ ಎಂದೂ ಕೇಳಿದರು. ಏಪ್ರಿಲ್ 26ರಂದು ಬೆರಿಯಾಗೆ ಚಿಕ್ಕದೊಂದು ಮುಚ್ಚಳಿಕೆ ಬರೆದುಕೊಟ್ಟರು. ಲಾಂಡೌ ಸಂಸ್ಥೆಯಲ್ಲಿ ಪ್ರತಿಕ್ರಾಂತಿಯ ಕೆಲಸ ಮಾಡದಂತೆ ತಾವು ಹೊಣೆ, ಹೊರಗೂ ಮಾಡದಂತೆ ಕೈಲಾದದ್ದನ್ನೆಲ್ಲ ಮಾಡುವುದಾಗಿಯೂ, ವಿರೋಧದ ಮಾತು ಕಿವಿಗೆ ಬಿದ್ದರೆ ತಕ್ಷಣ ಇಲಾಖೆಗೆ ತಿಳಿಸುವುದಾಗಿಯೂ ಅದರಲ್ಲಿತ್ತು. ಎರಡು ಮೂರು ದಿನಗಳಲ್ಲಿ ಲಾಂಡೌ ಹೊರಗಿದ್ದರು. ಕಪಿತ್ಸ ಹೀಗೆ ಮಾಡಲು ಎಂಥ ಧೈರ್ಯ ಮತ್ತು ಮನುಷ್ಯತ್ವ ಬೇಕಿತ್ತೆಂದು 1964ರಲ್ಲಿ, ಕಪಿತ್ಸ ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, ಲಾಂಡೌ ಪತ್ರಿಕೆಯಲ್ಲಿ ಬರೆದರು.

ಮೊಲೊಟೊವ್‌ಗೆ ಹೇಳಿದ ಮಾತು ಬರೀ ನೆಪವಾಗಿರಲಿಲ್ಲ. 1941ರಲ್ಲಿ ಲಾಂಡೌ ಅತಿದ್ರವತೆಯ ಸಿದ್ಧಾಂತವನ್ನು ಮುಂದಿಟ್ಟರು. ಹರಿಯುವ ದ್ರವ ಗೋಡೆಗೆ ಉಜ್ಜಿ ಶಕ್ತಿ ಕಳೆದುಕೊಳ್ಳಬೇಕಾದರೆ ತನ್ನೊಳಗೆ ಅಲೆಗಳನ್ನು ಎಬ್ಬಿಸಬೇಕು. ಹೀಲಿಯಂನಲ್ಲಿ ಅಂಥ ಅಲೆ ಅಗ್ಗವಾಗಿ ಏಳದು, ಅದು ಒಯ್ಯುವ ಆವೇಗಕ್ಕೆ ತಕ್ಕಂತೆ ಇಂತಿಷ್ಟಾದರೂ ಶಕ್ತಿಯ ಬೆಲೆ ತೆರಬೇಕು; ನಿಧಾನವಾಗಿ ಹರಿಯುವ ದ್ರವಕ್ಕೆ ಆ ಬೆಲೆ ತೆರಲಾಗದು, ಹಾಗಾಗಿ ಒಂದು ವೇಗದ ಮಿತಿಯೊಳಗೆ ಈ ದ್ರವ ಏನನ್ನೂ ಕಳೆದುಕೊಳ್ಳಲಾರದು. ದ್ರವವು ಸಾಮಾನ್ಯ ಮತ್ತು ಅತಿದ್ರವ ಎಂಬ ಎರಡು ಅಂಶಗಳಂತೆ ವರ್ತಿಸುವುದರಿಂದ, ಮಾಮೂಲಿ ಶಬ್ದದ ಜೊತೆಗೆ ಉಷ್ಣತೆಯದೇ ಒಂದು ಅಲೆ, ‘ಎರಡನೆಯ ಶಬ್ದ’, ಅದರಲ್ಲಿ ಸಾಗಬೇಕೆಂದು ಲಾಂಡೌ ಲೆಕ್ಕ ಹಾಕಿದರು. 1944ರಲ್ಲಿ ಭೌತವಿಜ್ಞಾನಿ ಪೆಶ್ಕೋವ್ ಅದನ್ನು ಪ್ರಯೋಗದಲ್ಲಿ ಪತ್ತೆಹಚ್ಚಿದರು. ಅದರ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಈ ಕೆಲಸಕ್ಕೇ ಮುಖ್ಯವಾಗಿ 1962ರ ನೊಬೆಲ್ ಬಂತು. ಆ ವರ್ಷದ ಜನವರಿ 7ರಂದು ದುಬ್ನಾಗೆ ಹೋಗುವ ಹಿಮಗಟ್ಟಿದ ದಾರಿಯಲ್ಲಿ ಕಾರು ಲಾರಿಗೆ ಡಿಕ್ಕಿಯಾಗಿ, ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ ಲಾಂಡೌ ಸ್ಟಾಕ್‌ಹೋಮಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಸ್ವೀಡನ್ನಿನ ರಾಯಭಾರಿಯೇ ಮಾಸ್ಕೋದ ಆಸ್ಪತ್ರೆಗೆ ಬಂದು ಪ್ರಶಸ್ತಿ ಕೊಟ್ಟರು. ಅವರು ಮತ್ತೆ ಸಂಶೋಧನೆಗೆ ಮರಳಲೇ ಇಲ್ಲ.

1938ರಲ್ಲಿ ಲಾಂಡೌ ಜೊತೆ ಬಂಧಿತರಾದ ಮಿಕ್ಕಿಬ್ಬರಿಗೆ ಜಾಮೀನು ನಿಲ್ಲುವವರಿರಲಿಲ್ಲ. ಕೊರೆತ್ಸ್ ಶಿಬಿರಗಳಲ್ಲಿ ವರ್ಷಗಳನ್ನು ಕಳೆದರು. ರೂಮರ್ ಹತ್ತು ವರ್ಷ ಕೈದಿಯಾಗಿ ವಿಮಾನ ವಿನ್ಯಾಸದ ಕಚೇರಿಗಳಲ್ಲಿ ದುಡಿದರು. ಸಾಪೇಕ್ಷತೆಯನ್ನು ಜನಸಾಮಾನ್ಯರಿಗೆ ತಿಳಿಸುವ ಒಂದು ತೆಳ್ಳನೆಯ ಪುಸ್ತಕ 1959ರಲ್ಲಿ ಲಾಂಡೌ ಮತ್ತು ರೂಮರ್ ಇಬ್ಬರ ಹೆಸರಿನಲ್ಲೂ ಹೊರಬಂತು.

ಲಾಂಡೌ 1968ರ ಏಪ್ರಿಲ್ 1ರಂದು ತೀರಿಕೊಂಡರು, ಕಪಿತ್ಸ 1984ರಲ್ಲಿ. ಕಾಗದದ ಮೇಲೆ ಲಾಂಡೌ ಕೊನೆಯವರೆಗೂ ಕಪಿತ್ಸ ಅವರ ಹೊಣೆಯ ಮೇಲೆ ಹೊರಗಿದ್ದ ಆರೋಪಿಯೇ. ಅಪರಾಧವೇ ನಡೆದಿಲ್ಲವೆಂದು ಆ ಪ್ರಕರಣವನ್ನು ಸರ್ಕಾರ ಮುಚ್ಚಿದ್ದು 1990ರಲ್ಲಿ.